ಅಸ್ತ್ರ ಒಲೆಯನ್ನು ಸರಿಯಾಗಿ ಉರಿಸುವ ಕ್ರಮ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಸಂಶೋಧನೆಯಿಂದ ರೂಪುಗೊಂಡ ಈ ಒಲೆ ಸೌದೆಯನ್ನು ಉಳಿಸಬೇಕಾದರೆ, ಪಾತ್ರೆ ಕೂರುವ ಮೂರೂ ಕುಳಿಗಳು ಸಂದಿಯಿಲ್ಲದೆ ಮುಚ್ಚಿರಬೇಕು, ಇಲ್ಲವಾದರೆ ಹೊಗೆ ಕೊಳವೆಯ ಸೆಳೆತ ತಗ್ಗಿ, ಹೊಗೆ ಅಡುಗೆಮನೆಗೇ ನುಗ್ಗುತ್ತದೆ.

ಚೆನ್ನಾಗಿ ಒಣಗಿದ ಸೌದೆಯನ್ನು ಸಣ್ಣಗೆ ಸೀಳಿ, ಸ್ವಲ್ಪಸ್ವಲ್ಪವೇ ಹಾಕಿರಿ. ಒಮ್ಮೆಗೇ ತುಂಬಿದರೆ ಗಾಳಿ ಸಾಲದೆ ಅರ್ಧ ಉರಿದ ಅನಿಲವೆಲ್ಲ ಹೊಗೆಯಾಗುತ್ತದೆ. ಉರುವಲನ್ನು ಸೀಳುವ ಶ್ರಮ ಹೆಚ್ಚಾದರೂ ಇದೇ ಮುಖ್ಯವೆಂದು ನನ್ನ ದೃಢ ಅಭಿಪ್ರಾಯ. ಬೆಂಕಿಯ ನೇರ ಮೇಲಿನ ಕುಳಿಯಲ್ಲಿ ಅನ್ನವನ್ನು ಬೇಯಿಸಿ, ಬಿಸಿ ಅನಿಲ ಹಾದುಹೋಗುವ ಕೊನೆಯ ಕುಳಿಯಲ್ಲಿ ನೀರು ಕಾಯಿಸಿರಿ.

ಕಬ್ಬಿಣದ ಜಾಲರಿಯ ಕೆಳಗಿನ ಬೂದಿಯನ್ನು ಪ್ರತಿದಿನವೂ ತೆಗೆಯಿರಿ, ಏಕೆಂದರೆ ಬೆಂಕಿಗೆ ಗಾಳಿ ಬರುವುದು ಅಲ್ಲಿಂದಲೇ. ಕೊಳವೆಯ ಮಸಿಯನ್ನೂ ಆಗಾಗ ಕೆರೆಯಿರಿ.