ಅಂಕಸಮುದ್ರದ ನಡುಹಗಲು: ಕೊಕ್ಕರೆ ನೀರೆರೆಯುವ ಚಿತ್ರ ಕೊನೆಗೂ ಸಿಕ್ಕಿತು

‘ಮೇ ತಿಂಗಳ ಮಧ್ಯಾಹ್ನ ಅಂಕಸಮುದ್ರದ ಹಕ್ಕಿ ಕೆರೆಯಲ್ಲಿ ಏನು ಚಿತ್ರ ತೆಗೆಯುತ್ತೀರಿ ಸರ್, ಬಿಸಿಲ್ಗುದುರೆಯನ್ನೇ?’ ಎಂದು ಬಳ್ಳಾರಿಯ ಗೆಳೆಯರು ಕೇಳುತ್ತಿದ್ದರು. ಈಗ ನನ್ನ ಬಳಿ ಒಂಬತ್ತು ಚಿತ್ರಗಳಿವೆ. ಬಣ್ಣದ ಕೊಕ್ಕರೆ ಗಂಟಲಲ್ಲಿ ತುಂಬಿ ತಂದ ನೀರನ್ನು ಮರಿಗಳಿಗೆ ಎರೆಯುವ ಚಿತ್ರಗಳು, ಗರಿಯ ಎಳೆ ಎಳೆಯೂ ಸ್ಪಷ್ಟ. ಆ ಕೆಲಸ ನಡೆಯುವುದು ಬಿಸಿಲು ನೆತ್ತಿಗೇರಿದಾಗ. ಅಂಕಸಮುದ್ರ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಾಗತಿಕ ಮಹತ್ವದ ಜೌಗುನೆಲಗಳ ಪಟ್ಟಿ, ಸೇರಿದ ಮೇಲೆ ಬರುವವರು ಹೆಚ್ಚಿದ್ದಾರೆ, ಆದರೆ ಬೆಳಿಗ್ಗೆ ಒಂಬತ್ತಕ್ಕೆಲ್ಲ ಚೀಲ ಕಟ್ಟಿ ಹೊರಡುತ್ತಾರೆ.

ಜಿಲ್ಲೆ ಒಡೆದು ಕೆರೆ ವಿಜಯನಗರಕ್ಕೆ ಸೇರಿದರೂ ನಮಗದು ಬಳ್ಳಾರಿ ಸೀಮೆಯದೇ. ಮೂರು ಬೇಸಿಗೆಯಲ್ಲಿ ಹನ್ನೊಂದೋ ಹನ್ನೆರಡೋ ಸಲ ಹೋದೆ. ಪ್ರತಿ ಸಲ ಬಾಡಿಗೆ ಕಾರಿಗೆ ಮೂರು ಸಾವಿರದ ಆಸುಪಾಸು. ಮೊದಲ ವರ್ಷದ ಎರಡು ಸಾವಿರ ಚಿತ್ರಗಳಲ್ಲಿ ಒಂದೂ ಉಳಿಯಲಿಲ್ಲ, ಎಲ್ಲವೂ ನೀರಲ್ಲಿ ಕದಡಿದಂತೆ ಮಸುಕು. ಲೆನ್ಸ್ ಕೆಟ್ಟಿದೆಯೆಂದು ಅಂಗಡಿಗೆ ಕೊಟ್ಟರೆ ನಾಲ್ಕೂವರೆ ಸಾವಿರ ಕಿತ್ತುಕೊಂಡು ‘ಸರಿಮಾಡಿದ್ದೇವೆ’ ಎಂದರು. ಲೆನ್ಸ್‌ಗೆ ಏನೂ ಆಗಿರಲಿಲ್ಲ. ಏರಿಯ ಕಾದ ಮಣ್ಣಿಗೆ ಮೂತಿ ತಾಗಿಸಿಕೊಂಡು ಮಲಗಿ ತೆಗೆಯುತ್ತಿದ್ದೆ. ಮಣ್ಣಿನಿಂದ ಏಳುವ ಬಿಸಿಗಾಳಿಯೇ ಚಿತ್ರವನ್ನು ನುಂಗುತ್ತಿತ್ತು.

ಎರಡು ಕೊಡ ನೀರು ಹೊತ್ತು ತಂದು ಲೆನ್ಸಿನ ಮುಂದಿನ ನೆಲಕ್ಕೆ ಸುರಿದೂ ನೋಡಿದ್ದೇನೆ. ಹದಿನೈದು ನಿಮಿಷ ತುಸು ಸುಧಾರಿಸಿತು, ಆಮೇಲೆ ಮತ್ತೆ ಅದೇ ನಡುಕ. ಕೊನೆಗೆ ಕೆಲಸಕ್ಕೆ ಬಂದದ್ದು ಜಾಗ ಬದಲಿಸಿದ್ದು: ನನ್ನಿಂದ ಗೂಡಿನವರೆಗೆ ನಡುವೆ ಬರೀ ನೀರೇ ಇರಬೇಕು, ಒಣನೆಲ ಒಂದು ಮಾರೂ ಇರಬಾರದು, ಮತ್ತು ನಾನು ನೆರಳಿನಲ್ಲಿರಬೇಕು. ಕ್ಯಾಮೆರಾಗೆ ಒದ್ದೆ ಗೋಣಿಚೀಲ ಹೊದಿಸಿದೆ. ಎ.ಸಿ. ಕಾರಿನಿಂದ ಇಳಿಸಿದ ಕೂಡಲೇ ಕ್ಲಿಕ್ಕಿಸುವುದನ್ನು ಬಿಟ್ಟು, ತಣ್ಣಗಿದ್ದ ಲೆನ್ಸ್ ಹೊರಗಿನ ಬಿಸಿಗೆ ಹೊಂದಲೆಂದು ಮುಕ್ಕಾಲು ಗಂಟೆ ಹೊರಗಿಟ್ಟೆ. ಟ್ರೈಪಾಡ್ ಬದಲು ಕ್ಯಾಮೆರಾ ಊರಲು ಬಟ್ಟೆ ಚೀಲಕ್ಕೆ ಮೂರು ಸೇರು ಜೋಳ ತುಂಬಿಕೊಂಡೆ. ಬಿಳಿ ಗರಿ ಸುಟ್ಟುಹೋಗದಂತೆ ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿದೆ, ಕೆಲವೊಮ್ಮೆ ಇನ್ನೂ ಸ್ವಲ್ಪ.

ಆ ದಿನ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಕರಿಜಾಲಿಯ ಮೇಲೆ ಒಂದು ಕೊಕ್ಕರೆ ಸೂರ್ಯನಿಗೆ ಬೆನ್ನು ಮಾಡಿ ರೆಕ್ಕೆ ಬಿಚ್ಚಿ ನಿಂತಿತ್ತು. ಮೂರು ಮರಿಗಳು ಆ ನೆರಳಿನಲ್ಲಿ. ಕೊಕ್ಕರೆಯ ಕಾಲುಗಳು ಸುಣ್ಣ ಬಳಿದಂತಿದ್ದವು; ಈ ಹಕ್ಕಿಗಳು ಹಿಕ್ಕೆಯನ್ನು ಕಾಲಿನ ಮೇಲೆಯೇ ಹಾಕಿಕೊಂಡು ಅದು ಆರುವಾಗ ಮೈ ತಂಪು ಮಾಡಿಕೊಳ್ಳುತ್ತವೆ. ಪಕ್ಕದ ಕೊಂಬೆಯಲ್ಲಿ ನೀರುಕಾಗೆಗಳು ಬಾಯಿ ತೆರೆದು ಗಂಟಲು ಅದುರಿಸುತ್ತಿದ್ದವು. ಅಷ್ಟರಲ್ಲಿ ಕೊಕ್ಕರೆಯ ಜೋಡಿ ಬಂದಿಳಿಯಿತು. ಹಳದಿ ಕೊಕ್ಕು ಬಾಗಿತು, ತುದಿಯಿಂದ ನೀರು ಮಣಿಸರದಂತೆ ಇಳಿಯಿತು. ಮರಿಗಳ ಬಿಳಿ ತುಪ್ಪುಳ ನೆನೆದ ಹತ್ತಿಯಂತೆ ಮೈಗಂಟಿತು. ನನ್ನ ಕೈ ನಡುಗುತ್ತಿತ್ತು, ಜೋಳದ ಚೀಲ ಕಾಪಾಡಿತು.

ನೀರು ತರುವ ಹಕ್ಕಿಯನ್ನು ದೂರದಿಂದಲೇ ಗುರುತಿಸುವ ಬಗೆ ನನಗೆ ಗೊತ್ತು, ಸದ್ಯ ಅದು ನನ್ನಲ್ಲೇ ಇರಲಿ. ಯಾವ ಮರವೆಂದೂ ಹೇಳಲಾರೆ. ಜನ ಹತ್ತಿರ ಹೋದರೆ ದೊಡ್ಡ ಹಕ್ಕಿ ಹಾರುತ್ತದೆ, ನೆರಳು ಅದರೊಂದಿಗೇ ಹೋಗುತ್ತದೆ.