ಮೀನಿನ ಕೆಮ್ಮು ಎಣಿಸಿ ತಾಮ್ರ ಹಿಡಿದೆ

ಕಾರ್ಖಾನೆಯ ನೀರಿನಲ್ಲಿ ಮೀನು ಇಟ್ಟು, ಅದರ ಉಸಿರು ನೋಡಿ ವಿಷ ಹಿಡಿಯುವ ಯಂತ್ರ ಕಟ್ಟಿದ್ದೇನೆ. "ನೀರು ಕೆಟ್ಟರೆ ಮೀನು ಸಾಯುತ್ತೆ, ಅದಕ್ಕೆ ಯಂತ್ರ ಯಾಕೆ?" ಎಂದು ಎರಡು ವರ್ಷ ಕೇಳಿಸಿಕೊಂಡಿದ್ದೇನೆ. ಮೀನು ಸಾಯುವವರೆಗೆ ಕಾದರೆ ಕಾರ್ಖಾನೆಯ ನೀರು ಆಗಲೇ ಹೊಳೆ ಸೇರಿರುತ್ತದೆ, ಅಲ್ವಾ? ನನಗೆ ಬೇಕಿದ್ದದ್ದು ಅದಕ್ಕೂ ಮುಂಚಿನ ಸುಳಿವು.

ಮೊದಲು ಕ್ಯಾಮೆರಾ ಹಾಕಿದೆ. ಕೈಲಿದ್ದ ದುಡ್ಡಿನ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಹತ್ತೇ ದಿನಕ್ಕೆ ಗಾಜಿಗೆ ಪಾಚಿ ಕಟ್ಟಿತು. ನೀರು ಸ್ವಲ್ಪ ಕದಡಿದರೆ ಮೀನೇ ಕಾಣದು. ತೇಲುವ ಪಾಚಿ ಚೂರನ್ನೂ ಸಾಫ್ಟ್‌ವೇರ್ ಮೀನು ಎಂದೇ ಎಣಿಸುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ ನೀರಿನಲ್ಲಿನ ವಿದ್ಯುತ್ತು ಹಿಡಿಯುವ ಎಲೆಕ್ಟ್ರೋಡಿಗೆ ಬಂದೆ. ಒಂದು ಗೂಡಿಗೆ ಒಂದೇ ಗೆಂಡೆ ಮರಿ, ಎರಡು ತುದಿಗೆ ಸ್ಟೀಲ್ ಜಾಲರಿ. ಕಿವಿರು ಆಡುವಾಗ ನೀರಿಗೆ ಹರಿಯುವ ವಿದ್ಯುತ್ತು ಬರೀ ಮೈಕ್ರೋವೋಲ್ಟ್ ಲೆಕ್ಕದ್ದು. ಸಾವಿರ ಪಟ್ಟು ಹಿಗ್ಗಿಸಿದರೆ ಮೊದಲು ಸಿಕ್ಕಿದ್ದು ಪಂಪಿನ ಗುಂಯ್‌ಗುಡುವಿಕೆ! ಪಂಪ್ ತೆಗೆದು ಮೇಲಿನ ತೊಟ್ಟಿಯಿಂದ ನೀರು ಇಳಿಸಿದೆ, ಆಂಪ್ಲಿಫೈಯರಿಗೆ ಬ್ಯಾಟರಿ ಕೊಟ್ಟೆ. ಆಗ ತೆರೆಯ ಮೇಲೆ ಉಸಿರು ಕಾಣಿಸಿತು. ಒಂದೇ ಸಮ ಸಣ್ಣ ಅಲೆ, ನಡುವೆ ಒಮ್ಮೊಮ್ಮೆ ಚೂಪಾದ ಎತ್ತರದ ಗೆರೆ. ಅದೇ ಕೆಮ್ಮು. ಕಿವಿರಿಗೆ ಏನಾದರೂ ಕೆರೆದರೆ ಮೀನು ನೀರನ್ನು ಹಿಂದಕ್ಕೆ ತಳ್ಳಿ ಅದನ್ನು ತೊಳೆದುಕೊಳ್ಳುತ್ತದೆ.

ಮೂರು ತಿಂಗಳು ದಿನಾ ಬೆಳಗ್ಗೆ ಸುಳ್ಳು ಅಲಾರಂ. ಕಾರಣ ನನ್ನ ಕೈಯಲ್ಲೇ ಇತ್ತು: ಮೇವು. ತಿಂದ ಮೇಲೆ ಉಸಿರು ಏರುತ್ತದೆ. ಈಗ ಗೂಡಿನಲ್ಲಿರುವಾಗ ಮೇವಿಲ್ಲ, ಹತ್ತು ದಿನಕ್ಕೆ ಪಾಳಿ ಬದಲು. ಗಾಳಿ ನುಂಗುವ ಜಾತಿಯನ್ನೂ ಹಾಕಿ ನೋಡಿದೆ, ಗಟ್ಟಿ ಮೀನು ಬಾಳುತ್ತದೆ ಎಂದು. ಬಾಳಿತು, ಆದರೆ ಮೇಲೆ ಬಂದು ಗಾಳಿ ಕುಡಿದಾಗೆಲ್ಲ ಕಿವಿರಿನ ಲೆಕ್ಕ ಕೆಟ್ಟಿತು.

ಒಂದು ರಾತ್ರಿ, ಇದ್ದ ಎಂಟು ಮೀನಿನಲ್ಲಿ ಆರು ಒಟ್ಟಿಗೇ ಕೆಮ್ಮಿದವು. ನಿಮಿಷಕ್ಕೆ ಒಂದೆರಡು ಇದ್ದದ್ದು ಏಳೆಂಟಕ್ಕೆ ಏರಿತ್ತು. ಪಿಎಚ್ ಸರಿ, ಆಮ್ಲಜನಕ ಸರಿ. ಮೀಟರ್ ನಂಬಿದ್ದರೆ ಮಲಗುತ್ತಿದ್ದೆವು. ಬಾಟಲಿಯಲ್ಲಿ ಹಿಡಿದ ನೀರು ಪರೀಕ್ಷೆಯಾಗಿ ಬಂದಾಗ ಅದರಲ್ಲಿ ತಾಮ್ರ ಇತ್ತು. ಕಾರ್ಖಾನೆಯಲ್ಲಿ ಲೋಹ ಲೇಪಿಸುವ ಸಾಲಿನ ಒಂದು ವಾಲ್ವ್ ಸೋರುತ್ತಿತ್ತು. ಒಂದು ಮೀನೂ ಸಾಯಲಿಲ್ಲ! ನಗುತ್ತಿದ್ದವರೇ ಈಗ ಇನ್ನೊಂದು ಸೆಟ್ ಬೇಕು ಎನ್ನುತ್ತಾರೆ.

ಸುಮ್ನೆ ಕುತೂಹಲಕ್ಕೆ ಅಷ್ಟೇ ತಾಮ್ರವನ್ನು ಗಡಸು ನೀರಿಗೆ ಹಾಕಿದೆ. ಕೆಮ್ಮು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ನಿಮ್ಮ ನೀರಿನ ಗಡಸುತನ ನೋಡದೆ ನನ್ನ ಅಂಕಿ ಎತ್ತಿಕೊಳ್ಳಬೇಡಿ. ಪ್ರತಿ ಮೀನನ್ನೂ ಅದರದೇ ಮೊದಲ ನಾಲ್ಕು ದಿನಕ್ಕೆ ಹೋಲಿಸುತ್ತೇನೆ, ಅಷ್ಟು ಹೇಳಬಲ್ಲೆ. ಅಲಾರಂ ಎಲ್ಲಿ ಕೂಗಬೇಕು ಎಂದು ಗಡಿ ಹಾಕುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಪಾದರಸಕ್ಕೆ ಇದೊಂದೇ ಸಾಲದು. ಅದು ಚೂರುಚೂರೇ ಬಂದು ಮೈಯಲ್ಲಿ ಸೇರುತ್ತದೆ, ಅಷ್ಟು ಸಣ್ಣ ಪ್ರಮಾಣಕ್ಕೆ ಮೀನಿನ ಕೆಮ್ಮನ್ನೇ ನಂಬಿ ಕೂರಲಾಗದು. ಅದಕ್ಕೆ ಕೆಳಗಿನ ಹರಿವಿನ ಮೀನು ಹಿಡಿದು ಮಾಂಸ ಪರೀಕ್ಷೆಗೆ ಕಳಿಸುತ್ತಿದ್ದೇನೆ. ಮೊದಲ ಕಂತು ಹೋದ ವಾರ ಹೋಯಿತು.