ತಾಮ್ರದ ನೀರಿಗೆ ಕಾಫಿ ಹೊಟ್ಟು

ಹಾಸನದ ಒಂದು ಸಣ್ಣ ಪ್ಲೇಟಿಂಗ್ ಶೆಡ್ಡಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ತಾಮ್ರದ ಲೇಪ ಹಾಕಿದ ಸಾಮಾನನ್ನು ತೊಳೆದ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಅಳೆದರೆ ಲೀಟರಿಗೆ 30 ಮಿಲಿಗ್ರಾಂ ತಾಮ್ರ. ಹಳ್ಳಕ್ಕೆ ಬಿಡಬೇಕಾದರೆ 3 ದಾಟುವಂತಿಲ್ಲ. ತೊಟ್ಟಿಯ ಗಟ್ಟಿ ದ್ರಾವಣಕ್ಕೆ ಸುಣ್ಣವೇ ಸರಿ. ಈ ತೆಳು ನೀರಿನ ತಾಮ್ರ ಅಂಟಿಸಿಕೊಳ್ಳಲು ಮಾತ್ರ ಕಾಫಿ ಹೊಟ್ಟು ಸಾಕು.

ಹೊಟ್ಟು ಬರುವುದು ಸಕಲೇಶಪುರದ ಕಡೆಯ ತೋಟದಿಂದ, ಒಣಗಿದ ಕಾಫಿ ಹಣ್ಣನ್ನು (ಚೆರ್ರಿ) ಸಿಪ್ಪೆ ಬಿಡಿಸುವ ಯಂತ್ರಕ್ಕೆ (ಹಲ್ಲರ್) ಹಾಕಿದ ಮೇಲೆ. ಅದನ್ನು ಹಾಗೇ ಹಾಕಬೇಡಿ. ನಾನು ಹಾಕಿದ್ದೆ. ನೀರು ಡಿಕಾಕ್ಷನ್ ಆಯಿತು! ಬಿಸಿನೀರಲ್ಲಿ ಐದಾರು ಸಲ ತೊಳೆಯಿರಿ, ಬಣ್ಣ ಬಿಡುವುದು ನಿಲ್ಲಬೇಕು. ಚೆನ್ನಾಗಿ ಒಣಗಿಸಿ, ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ ಜರಡಿ ಹಿಡಿಯಿರಿ. ತೀರಾ ನುಣ್ಣಗಾದರೆ ಸೋಸುವಾಗ ಗೋಳು.

ಈಗ ಒಂದೊಂದು ಲೀಟರ್ ನೀರಿನ ಐದು ಜಾರ್ ಇಡಿ. ನಾಲ್ಕಕ್ಕೆ 2, 5, 10, 20 ಗ್ರಾಂ ಪುಡಿ. ಐದನೆಯದಕ್ಕೆ ಏನೂ ಬೇಡ. ಎಲ್ಲದರ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5ಕ್ಕೆ ತನ್ನಿ. ಇಲ್ಲೊಂದು ಎಚ್ಚರಿಕೆ: ಸಯನೈಡ್ ಬಳಸುವ ತೊಟ್ಟಿಯ ನೀರಿಗೆ ಯಾವತ್ತೂ ಆಸಿಡ್ ಹಾಕಬೇಡಿ, ವಿಷದ ಗಾಳಿ ಏಳುತ್ತದೆ. ನಮ್ಮದು ಸಲ್ಫೇಟ್ ತೊಟ್ಟಿ.

ಆ ಹೊಟ್ಟಿಲ್ಲದ ಐದನೆಯ ಜಾರ್ ಯಾಕೆ ಅಂತೀರಾ? ಒಮ್ಮೆ ಪಿಎಚ್ 8 ಇಟ್ಟು ನೋಡಿದ್ದೆ. ತಾಮ್ರ ಹೆಚ್ಚುಕಡಿಮೆ ಪೂರ್ತಿ ಮಾಯ. ಹೊಟ್ಟಿನ ಮಹಿಮೆ ಅಂತ ಎರಡು ದಿನ ಬೀಗಿದೆ. ಆಮೇಲೆ ಹೊಟ್ಟಿಲ್ಲದೆ ಅದೇ ಪಿಎಚ್‌ನಲ್ಲಿ ನೋಡಿದರೆ ಅಲ್ಲೂ ಮಾಯ! ತಾಮ್ರ ಹೈಡ್ರಾಕ್ಸೈಡ್ ಆಗಿ ತಾನೇ ತಳಕ್ಕೆ ಕೂತಿತ್ತು, ಅಷ್ಟೇ. ಹಾಗಂತ ಪಿಎಚ್ 2ಕ್ಕೆ ಇಳಿಸಿದರೂ ಆಗುವುದಿಲ್ಲ. ಆಸಿಡ್‌ನ ಹೈಡ್ರೋಜನ್ ಅಯಾನುಗಳು ಹೊಟ್ಟಿನ ಮೇಲಿನ ಜಾಗಕ್ಕೆ ತಾಮ್ರದ ಜೊತೆ ಪೈಪೋಟಿಗೆ ಬೀಳುತ್ತವೆ. ಕ್ರೋಮ್ ಲೇಪದ ನೀರಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಮಾತ್ರ ಉಲ್ಟಾ, ಅದಕ್ಕೆ ಪಿಎಚ್ 2ರ ಆಸುಪಾಸೇ ಬೇಕು. ತಾಮ್ರದ ನೀರು, ಕ್ರೋಮಿಯಂ ನೀರು ಎರಡನ್ನೂ ಬೆರೆಸಬೇಡಿ.

ಮೂರು ಗಂಟೆ ಕಲಕಿ, ಸೋಸಿ, ಅಳೆಯಿರಿ. ನಮಗೆ 10 ಗ್ರಾಂ ಜಾರ್‌ನಲ್ಲಿ 30 ಇದ್ದದ್ದು 3ಕ್ಕೆ ಇಳಿಯಿತು. ಅಂದರೆ 27 ಮಿಲಿಗ್ರಾಂ ತಾಮ್ರ 10 ಗ್ರಾಂ ಹೊಟ್ಟಿಗೆ ಅಂಟಿದೆ, ಗ್ರಾಂಗೆ 2.7. ಸಾವಿರ ಲೀಟರಿಗೆ 10 ಕಿಲೋ. 3ರ ಗೆರೆಯ ಮೇಲೆ ನಿಲ್ಲುವುದು ಬೇಡ ಅಂತ ನಾನು 12 ಹಾಕಿಸುತ್ತೇನೆ. ಬಿಡುವ ಮುಂಚೆ ಪಿಎಚ್ ಮತ್ತೆ 7ಕ್ಕೆ ತರಬೇಕು.

ಹೊಟ್ಟು ಕೊಡುವ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಒಂದು ಸಲ ಕೇಳಿದರು, "ಮೇಡಂ, ಕೆಲಸ ಆದ್ಮೇಲೆ ವಾಪಸ್ ಕೊಡ್ತೀರಾ? ಗೊಬ್ಬರದ ಗುಂಡಿಗೆ ಹಾಕ್ತೀನಿ." ಕೊಡಲಿಲ್ಲ. ನೀರಿನಿಂದ ತೆಗೆದ ತಾಮ್ರವೆಲ್ಲ ಅದರಲ್ಲೇ ಇದೆ ಅಲ್ವಾ? ಸುಟ್ಟರೂ ಬೂದಿಯಲ್ಲಿ ಉಳಿಯುತ್ತದೆ. ಡ್ರಮ್ಮಿಗೆ ತುಂಬಿ, ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯಲು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವವರಿಗೇ ಕೊಡುತ್ತೇವೆ. ರೈಟರ್‌ಗೆ ಸಿಕ್ಕಿದ್ದು ಖಾಲಿ ಚೀಲ ಮಾತ್ರ.